ಹಸಿ ಸ್ಲ್ಯಾಬು

ಬ್ಯಾಂಕಿನ ಇಂಜಿನಿಯರು ಮೌಲ್ಯಮಾಪನಕ್ಕೆ ಬರುತ್ತಾರೆ ಎಂದಾಗ, ಅವರು ಅಳೆಯುವುದು ನನ್ನನ್ನೇ ಎಂದುಕೊಂಡು ಮದುವೆಯ ಕೋಟು ಹಾಕಿ ಅರ್ಧ ಕಟ್ಟಿದ ಮನೆಯೆದುರು ನಿಂತಿದ್ದೆ. "ಜರಾ ಬಾಜೂಕ ಸರೀರಿ, ಕಾಲಂ ಕಾಣವಲ್ದು," ಅಂದರು.

ಚಿದ್ರಿಯಲ್ಲಿ ನಾನು ಕೊಳ್ಳಲಿದ್ದ ಆ ಹೊಸ ಮನೆಯನ್ನು ಕಟ್ಟುತ್ತಿದ್ದವರು ಹಲಬರ್ಗಾದ ಶರಫೋದ್ದೀನ ಮೇಸ್ತ್ರಿ. ಮೂವತ್ತು ವರ್ಷದಲ್ಲಿ ಒಂದು ಸ್ಲ್ಯಾಬಿನ ಬಗ್ಗೆಯೂ ದೂರು ಕೇಳದವರು. ಶುಕ್ರವಾರದೊಳಗೆ ನನ್ನ ಸಾಲದ ಕಂತು ಬರದಿದ್ದರೆ ಮನೆ ಬೇರೆಯವರಿಗೆ ಎಂದು ಅದನ್ನು ಮಾರುತ್ತಿದ್ದ ಬಿಲ್ಡರನ ಕರಾರು. ಸ್ಲ್ಯಾಬನ್ನು ಕೆಳಗಿನಿಂದ ನೋಡದೆ ಬ್ಯಾಂಕು ಕಂತು ಕೊಡದು. ಸ್ಲ್ಯಾಬು ಹಾಕಿ ಎಂಟೇ ದಿನವಾಗಿತ್ತು; ಅದನ್ನು ಹೊತ್ತ ಸೆಂಟ್ರಿಂಗಿನ ಹಲಗೆ, ಕಂಬಗಳು ಇನ್ನೂ ಕೆಳಗೇ ಇದ್ದವು.

"ಚಾಚಾ, ಸೆಂಟ್ರಿಂಗ್ ಬಿಚ್ಚಿಬಿಡ್ರಿ."

"ಇನ್ನಾ ಹಸಿ ಅದ ಬೇಟಾ. ಹತ್ತ ದಿನ ತಡಿ."

ಸಂತೆಯಲ್ಲಿ ಟೊಮ್ಯಾಟೊ ಬೆಲೆಯನ್ನೂ ಇಳಿಸಲಾರದ ನಾನು, ಎರಡು ದಿನ ಬೆನ್ನುಬಿದ್ದು ಅವರನ್ನು ಮಾತ್ರ ಒಪ್ಪಿಸಿದೆ.

ಶುಕ್ರವಾರ ಇಂಜಿನಿಯರು ತಲೆಯೆತ್ತಿದರೆ ಸ್ಲ್ಯಾಬಿನ ನಡುವೆ ಉದ್ದ ಬಿರುಕು. ದುರಸ್ತಿಗೆಂದು ಬಿಲ್ಡರ್ ತಾನಾಗಿಯೇ ನನ್ನ ಗಡುವನ್ನು ಒಂದು ತಿಂಗಳು ಮುಂದೂಡಿದ. ಇಷ್ಟು ಬೇಗ ಸೆಂಟ್ರಿಂಗ್ ಬಿಚ್ಚಿದ್ದಕ್ಕೆ ಮೇಸ್ತ್ರಿಯನ್ನು ಎಲ್ಲರೆದುರು ಬೈದು ಕೆಲಸದಿಂದ ತೆಗೆದ. ಈ ಸಲ ಕೋಟಿಲ್ಲದೆ ಹೋಗಿದ್ದ ನಾನು ಅಂಗಿಯ ಗುಂಡಿ ನೋಡುತ್ತ ನಿಂತೆ.

ಗೃಹಪ್ರವೇಶಕ್ಕೆ ಕರೆಯುವ ನೆಪದಲ್ಲಿ ಹಲಬರ್ಗಾಕ್ಕೆ ಹೋಗಿ ಕೇಳಿದೆ: "ಅವತ್ತು ನನ್ನ ಹೆಸರು ಯಾಕ ಹೇಳಲಿಲ್ರಿ ಚಾಚಾ?"

"ನೀನೇ ಹೇಳ್ತೀ ಅಂತ ಸುಮ್ಮನಿದ್ದೆ."