ಎಡಗಡೆ ರಜೆಯಲ್ಲಿದ್ದ ನಗು

ನನ್ನ ಸಂಶೋಧನೆಯ ಮಾರ್ಗದರ್ಶಕರು ನಕ್ಕಾಗ ಅವರ ತುಟಿಯ ಬಲತುದಿ ಮಾತ್ರ ಮೇಲೇಳುತ್ತಿತ್ತು. ಪಾರ್ಶ್ವವಾಯುವಿನ ನಂತರ ಎಡಗೆನ್ನೆ ಅಲುಗುತ್ತಿರಲಿಲ್ಲ. ಹೊಸಬರು ಗಲಿಬಿಲಿಗೊಂಡರೆ ಅವರೇ ಹೇಳುತ್ತಿದ್ದರು: "ಈ ಕಡಿ ಬಂದ ಕುಂಡ್ರಿ. ಎಡಗಡಿ ರಜಾದಾಗ ಐತಿ."

ಅರ್ಜಿ, ಪ್ರಬಂಧಗಳ ಹೊರತು ಬೇರೇನನ್ನೂ ಬರೆದ ಅನುಭವ ನನಗಿಲ್ಲವಾದ್ದರಿಂದ, ಅವರ ಕುರಿತಾದ ಈ ಬರಹದಲ್ಲಿನ ಲೋಪಗಳನ್ನು ಮನ್ನಿಸಬೇಕಾಗಿ ವಿನಂತಿ.

ನಾನು ಆಯ್ದುಕೊಂಡ ವಿಷಯ ಚಿಕ್ಕೋಡಿ, ಅಥಣಿ ಭಾಗದ ಬೀಗರ ಮಷ್ಕಿರಿ, ಅಂದರೆ ಬೀಗರ ನಡುವಿನ ತಮಾಷೆ. ನಮ್ಮಲ್ಲಿ ಮಕ್ಕಳ ಮದುವೆಯಿಂದ ಬೀಗರಾದವರು ಒಬ್ಬರನ್ನೊಬ್ಬರು ಅಣಕಿಸದೆ ಊಟಕ್ಕೆ ಕೂರುವುದಿಲ್ಲ. ಅಣಕ ನಿಂತರೆ ಮನಸ್ತಾಪವಾಗಿದೆಯೆಂದೇ ಅರ್ಥ. ಸದರಿ ವಿಷಯವನ್ನು ಕನ್ನಡ ವಿಭಾಗದವರು ಸಮಾಜಶಾಸ್ತ್ರಕ್ಕೆ ಕಳಿಸಿದರು, ಸಮಾಜಶಾಸ್ತ್ರದವರು ಮನಃಶಾಸ್ತ್ರಕ್ಕೆ, ಮನಃಶಾಸ್ತ್ರದವರು ಪುನಃ ಕನ್ನಡಕ್ಕೆ. ಇನ್ನೊಮ್ಮೆ ಹಿಂದಿರುಗಿದ್ದರೆ ನನ್ನ ನೋಂದಣಿ ರದ್ದಾಗುತ್ತಿತ್ತು.

ವಿಷಯ ಒಪ್ಪುವ ಸಂಶೋಧನಾ ಸಮಿತಿಯ ಸಭೆಗೆ ಮಾರ್ಗದರ್ಶಕರೂ ಬಂದರು. ನಾನು ಎಂದಿನಂತೆ ಅವರ ಬಲಗಡೆ ಕುಳಿತೆ. "ನಗೂದು ಯಾವ ವಿಭಾಗಕ್ಕ ಬರತೈತ್ರಿ ಸರ್?" ಎಂದು ಅಧ್ಯಕ್ಷರು ಕೇಳಿದರು. ಅದಕ್ಕೆ ಮಾರ್ಗದರ್ಶಕರು ಅಂಕಲಿಯ ಮದುವೆಯೊಂದರಲ್ಲಿ ನಾವು ಧ್ವನಿಮುದ್ರಿಸಿಕೊಂಡಿದ್ದನ್ನು ಹೇಳಿದರು. ಹೋಳಿಗೆ ಬಲು ತೆಳ್ಳಗಾಗಿವೆಯೆಂದು ವರನ ತಾಯಿ ಆಕ್ಷೇಪಿಸಿದ್ದಳು. ವಧುವಿನ ತಾಯಿ ಕೂಡಲೇ, "ನಿಮ್ಮ ಮಗನ್ನ ನೋಡೇ ಲಟ್ಟಿಸೇವ್ರಿ ಬೀಗತೇರ" ಎಂದಿದ್ದಳು.

ಸಮಿತಿಯವರೆಲ್ಲ ನಕ್ಕರು. ನಗು ಅಡಗುವವರೆಗೆ ಕಾದು ಅವರು ಕೇಳಿದರು: "ಈಗ ನಕ್ಕಿರಲ್ರಿ, ಯಾವ ವಿಭಾಗದಿಂದ ನಕ್ಕಿರಿ?"

ವಿಷಯ ಅಂಗೀಕೃತವಾಯಿತು.

ಕ್ಷೇತ್ರಕಾರ್ಯದಲ್ಲಿ ನಾನು ನಗುವಂತಿರಲಿಲ್ಲ. ನಾವು ನಕ್ಕರೆ ಜನ ನಮಗಾಗಿ ನಗಿಸತೊಡಗುತ್ತಾರೆ ಎಂದು ಅವರು ಹೇಳುತ್ತಿದ್ದರು. "ಹೇಳಿದವ್ನ ಬಿಡೋ, ಮೊದ್ಲ ಯಾರ ನಕ್ರು ನೋಡು. ನಗಿ ಯಾರಿಗೆ ಬೇಕಾಗಿತ್ತು ಅನ್ನೂದು ಅಲ್ಲೇ ತಿಳೀತೈತಿ."

ಪ್ರಬಂಧ ಮುಗಿಯುವ ಮುನ್ನವೇ ಅವರು ಕರೋಶಿಯ ಸ್ವಗೃಹದಲ್ಲಿ ನಿಧನರಾದರು. ನಾನು ತಲುಪಿದಾಗ ಅವರನ್ನು ಅಂಗಳದಲ್ಲಿ ಗೋಡೆಗೆ ಒರಗಿಸಿ ಕೂರಿಸಿದ್ದರು. ಮುಖದ ಎರಡೂ ಬದಿ ಸಮವಾಗಿದ್ದವು. ರಾಯಬಾಗದಿಂದ ಬಂದ ಅವರ ಮಗಳ ಮಾವ ಹಾರ ಹಾಕಿ, ಅಲ್ಲೇ ನಿಂತು, ದೊಡ್ಡ ದನಿಯಲ್ಲಿ ಕೇಳಿದರು: "ಏನ್ರಿ ಬೀಗರ, ಬಲಗಡೀನೂ ರಜಾ ಹಾಕಿದ್ರಿ? ನಮಗೊಂದ ಮಾತ ಹೇಳಬಾರದಿತ್ತೇನ್ರಿ?"

ಮೊದಲು ನಕ್ಕವರು ಮಾರ್ಗದರ್ಶಕರ ಪತ್ನಿ. ಬೆಳಗಿನಿಂದ ಅವರು ಬಾಯಿ ಬಿಟ್ಟಿರಲಿಲ್ಲವಂತೆ. ಸೆರಗನ್ನು ಬಾಯಿಗೊತ್ತಿಕೊಂಡು ನಕ್ಕರು. ನಗು ನಿಲ್ಲುವ ಮೊದಲೇ ಅಳು ಬಂತು. ಬಳಿಕ ಅಂಗಳವೆಲ್ಲ ಅತ್ತಿತು.

ನಾನು ನಗಲಿಲ್ಲ, ಅಳಲೂ ಇಲ್ಲ. ಮೊದಲು ನಕ್ಕವರು ಯಾರೆಂದು ನೋಡುತ್ತ ನಿಂತಿದ್ದೆ. ಅವರು ಕಲಿಸಿದ್ದು ಅದನ್ನೇ.

ಆ ನಗುವನ್ನು ಪ್ರಬಂಧದ ಕೊನೆಯ ಅಧ್ಯಾಯದಲ್ಲಿ ಸೇರಿಸಿದ್ದೇನೆ. ಅದು ಯಾವ ವಿಭಾಗದ್ದೆಂದು ಸಮಿತಿಯವರು ಕೇಳಬಹುದು. ಈ ಸಲ ಯಾವ ಬದಿಯ ಕುರ್ಚಿಯಲ್ಲಿ ಕೂರಬೇಕೆಂಬುದೂ ನನಗೆ ತಿಳಿದಿಲ್ಲ.