ನಮ್ಮ ಬೀದಿಯ ಬಾವಿಗೆ ಪೌಡರ್ ಬೀಳದ ಎರಡು ವಾರ

ಮಂಡಲ ಪಂಚಾಯ್ತಿ ಶುರುವಾದ ಹೊಸತರಲ್ಲಿ, ಹೆಂಗಸರಿಗೂ ಜಾಗ ಬಿಡಬೇಕೆಂದು ಸರ್ಕಾರ ಹೇಳಿದ್ದರಿಂದ, ನಾನೂ ಒಬ್ಬಳು ಮೆಂಬರಾದೆ. ಕಡೂರಿನಲ್ಲಿ ಹೈಸ್ಕೂಲು ಮುಗಿಸಿ, ಅಜ್ಜಂಪುರದಿಂದ ಅಂತರಘಟ್ಟೆಗೆ ಹೋಗುವ ದಾರಿಯ ಊರೊಂದಕ್ಕೆ ಸೊಸೆಯಾಗಿ ಬಂದು ಆಗ ಹತ್ತು ವರ್ಷವಾಗಿತ್ತು. ಮೊದಲ ಮೀಟಿಂಗಿನಲ್ಲಿ ಗಂಡಸರೆಲ್ಲ ರಸ್ತೆ, ಕೆರೆ, ಬೀದಿದೀಪ ಅಂತ ತಮತಮಗೆ ಬೇಕಾದ್ದನ್ನು ಬಾಚಿಕೊಂಡರು. ಕೊನೆಗೆ ಉಳಿದದ್ದು ಆರೋಗ್ಯ. "ಇದು ಹೆಣ್ಮಕ್ಳಿಗೆ ಸರಿ ಕಣಮ್ಮಾ, ನೀನೇ ನೋಡ್ಕೋ" ಎಂದರು ಪ್ರಧಾನರು. ಪಂಚಾಯ್ತಿಯ ಯಜಮಾನಿಕೆ ಅವರದು, ಆ ಹೆಸರು ಅವರ ಮೀಸೆಗೆ ಚೆನ್ನಾಗಿ ಒಪ್ಪುತ್ತಿತ್ತು. ಆರೋಗ್ಯದಲ್ಲಿ ನೋಡಿಕೊಳ್ಳುವುದು ಏನೂ ಇಲ್ಲವೆಂದು ಅವರೂ ತಿಳಿದಿದ್ದರು, ನಾನೂ ತಿಳಿದಿದ್ದೆ.

ಆ ವರ್ಷದ ಮಳೆಗಾಲ ನಮ್ಮಿಬ್ಬರ ಎಣಿಕೆಯನ್ನೂ ತಲೆಕೆಳಗು ಮಾಡಿತು. ಸುತ್ತಮುತ್ತ ಹಬ್ಬಿದ್ದ ವಾಂತಿಭೇದಿ ನಮ್ಮೂರಿಗೂ ಬಂತು. ಸ್ಕೂಲಿನ ಬೆಂಚುಗಳ ಮೇಲೆ ಜನ ಮಲಗಿದರು, ಕಿಟಕಿಯ ಸರಳುಗಳಿಗೆ ಗ್ಲೂಕೋಸ್ ಬಾಟಲಿ ಕಟ್ಟಿದರು. ಯಾರೂ ಸಾಯಲಿಲ್ಲ. ಅದನ್ನು ನೆನೆದರೆ ಇವತ್ತಿಗೂ ಕೈ ಮುಗಿಯಬೇಕೆನಿಸುತ್ತದೆ. ಎಲ್ಲರೂ ಎದ್ದು ಓಡಾಡುವಂತಾದ ಮೇಲೆ, ತರೀಕೆರೆಯಿಂದ ಬಂದಿದ್ದ ಡಾಕ್ಟರು ಪಂಚಾಯ್ತಿಗೆ ಎರಡು ಅಪ್ಪಣೆ ಕೊಟ್ಟು ಹೋದರು. ಊರಿನ ಐದೂ ಬಾವಿಗಳಿಗೆ ದಿನಾ ಸಂಜೆ ಬ್ಲೀಚಿಂಗ್ ಪೌಡರ್ ಹಾಕಬೇಕು. ಬಸ್ ನಿಲ್ಲುವ ಕಡೆ ಇರುವ ಹೋಟೆಲಿನವರು ಯಾವ ಬಾವಿಯ ನೀರು ಸೇದುತ್ತಾರೋ, ಆ ಬಾವಿ ಪರೀಕ್ಷೆಯಲ್ಲಿ ಪಾಸಾಗುವ ತನಕ ಹೋಟೆಲು ತೆಗೆಯಕೂಡದು.

ಹೋಟೆಲು ಎಂದರೆ ಎರಡು ಬೆಂಚು, ಒಂದು ಒಲೆ, ತಗಡಿನ ಚಾವಣಿ. ಗಂಡ ತೀರಿಕೊಂಡ ಮೇಲೆ ಅದನ್ನು ಒಬ್ಬಳೇ ನಡೆಸುತ್ತಿದ್ದವಳಿಗೆ ನನ್ನದೇ ವಯಸ್ಸು. ಅವಳ ಮೆಣಸಿನಕಾಯಿ ಬೋಂಡಕ್ಕಾಗಿ ಬಸ್ಸಿನ ಡ್ರೈವರು ಐದು ನಿಮಿಷ ಹೆಚ್ಚೇ ನಿಲ್ಲಿಸುತ್ತಿದ್ದ. ಬಾಗಿಲು ಹಾಕಿಸಲು ಹೋದವಳು ನಾನೇ. ಅವಳು ಜಗಳವಾಡಲಿಲ್ಲ. "ಎಷ್ಟು ದಿನ ಅಕ್ಕಾ?" ಎಂದಳು. "ಒಂದೇ ವಾರ" ಎಂದು ಮೆಂಬರಿನ ಗತ್ತಿನಲ್ಲಿ ಹೇಳಿ ಬಂದೆ. ಅವಳು ಸೇದುತ್ತಿದ್ದದ್ದು ನಮ್ಮ ಬೀದಿಯ ಬಾವಿಯ ನೀರು. ನನ್ನ ಬಾಗಿಲ ಮುಂದಿನ ಬಾವಿ ತಾನೆ, ಅದಕ್ಕೇನು ಕಷ್ಟ ಎಂದುಕೊಂಡಿದ್ದೆ.

ಪೌಡರ್ ಹಾಕುವ ಕೆಲಸ ನಮ್ಮೂರ ನೀರುಗಂಟಿಯದು. ಕೆರೆಯ ತೂಬು ತೆಗೆದು ಗದ್ದೆಗಳಿಗೆ ನೀರು ಬಿಡುತ್ತಿದ್ದ ಮುದುಕ ಆತ. ಬಕೆಟ್ಟಿನಲ್ಲಿ ಪೌಡರ್ ಕದಡಿ, ತಿಳಿಯಾಗಲು ಬಿಟ್ಟು, ಮೇಲಿನ ನೀರನ್ನು ಬಾವಿಗೆ ಬಿಡುವುದನ್ನು ಒಂದೇ ದಿನದಲ್ಲಿ ಕಲಿತ. ಮಾರನೆಯ ದಿನವೇ ಊರು ನನ್ನ ಮೇಲೆ ಬಿತ್ತು. ಬೇಳೆ ಬೇಯುತ್ತಿಲ್ಲ, ಎಮ್ಮೆ ನೀರು ಮೂಸಿ ಮುಖ ತಿರುಗಿಸುತ್ತೆ, ಅಳಿಯ ಬಂದವನು ಒಂದು ಲೋಟ ಕುಡಿದು ಊರಿಗೇ ಹೊರಟುಹೋದ! ಮೇಲಿನ ಬೀದಿಯ ಅಜ್ಜಿಯೊಬ್ಬಳು ಚೊಂಬು ಹಿಡಿದು ನಮ್ಮನೆಗೇ ಬಂದು, "ಮೂಸಿ ನೋಡವ್ವಾ, ಇದು ಕುಡಿಯೋ ನೀರಾ, ಆಸ್ಪತ್ರೆ ನೆಲ ತೊಳೆಯೋ ನೀರಾ?" ಎಂದು ನನ್ನ ಮೂಗಿಗೇ ಹಿಡಿದಳು.

ದೂರು ಬರದಿದ್ದದ್ದು ನಮ್ಮ ಬೀದಿಯಿಂದ ಮಾತ್ರ. ಇದಕ್ಕೆ ನಾನು ಉಬ್ಬಿಹೋದೆ. ಮೀಟಿಂಗಿನಲ್ಲಿ ಎದ್ದು ನಿಂತು, "ಕೂರಿಸಿಕೊಂಡು ತಿಳಿಸಿ ಹೇಳಿದ್ರೆ ಜನ ಕೇಳ್ತಾರೆ, ನಮ್ಮ ಬೀದೀನೇ ನೋಡಿ" ಎಂದು ಭಾಷಣವನ್ನೂ ಬಿಗಿದೆ. ಅದಕ್ಕಿಂತ ಆಶ್ಚರ್ಯವೆಂದರೆ ನಮ್ಮತ್ತೆಯೇ ತುಟಿ ಬಿಚ್ಚಿರಲಿಲ್ಲ. ಅವರ ಬೆಲ್ಲದ ಕಾಫಿಯ ನೇಮ ಊರಿಗೆಲ್ಲ ಗೊತ್ತಿದ್ದದ್ದೇ. ಬೆಳಿಗ್ಗೆ ಒಂದು ಲೋಟ, ಸಂಜೆ ಒಂದು ಲೋಟ. ಡಿಕಾಕ್ಷನ್ ಒಂದು ಚೂರು ತೆಳುವಾದರೂ ಲೋಟ ಕುಕ್ಕುತ್ತಿದ್ದರು. ಅಂಥವರೇ ಸುಮ್ಮನಿದ್ದಾರೆಂದರೆ ನನ್ನ ಮಾತಿಗೆ ಎಷ್ಟು ಬೆಲೆ ಎಂದು ಬೀಗಿದೆ.

ವಾರ ಕಳೆದ ಮೇಲೆ ಹೆಲ್ತ್ ಇನ್‌ಸ್ಪೆಕ್ಟರು ಸಣ್ಣ ಪೆಟ್ಟಿಗೆ ಹಿಡಿದು ಬಂದರು. ಗಾಜಿನ ಕೊಳವೆಗೆ ಬಾವಿಯ ನೀರು ತುಂಬಿ, ಎರಡು ತೊಟ್ಟು ಔಷಧಿ ಬಿಡುವುದು. ಹಳದಿ ತಿರುಗಿದರೆ ಪೌಡರ್ ಸಾಕಷ್ಟಿದೆ ಎಂದರ್ಥ. ನಾಲ್ಕು ಬಾವಿಯ ನೀರು ಚೆಂದಕ್ಕೆ ಹಳದಿಯಾಯಿತು. ನಮ್ಮ ಬಾವಿಯದು ಇದ್ದ ಹಾಗೇ ಇತ್ತು. "ಬಾವಿ ಆಳ ಇದೆ, ಇನ್ನಷ್ಟು ಹಾಕ್ಸಿ" ಎಂದು ಅವರು ಹೊರಟರು. ನೀರುಗಂಟಿಗೆ ಹೇಳಿದೆ. "ಆಗ್ಲಿ ಅವ್ವಾ" ಎಂದ, ಬೇರೆಲ್ಲೋ ನೋಡುತ್ತಾ. ಎರಡನೆಯ ವಾರವೂ ಅದೇ ಕಥೆ. ಹೋಟೆಲಿನವಳು ಬಾವಿಕಟ್ಟೆಯ ಹತ್ತಿರವೇ ನಿಂತು ಆ ಕೊಳವೆಯನ್ನು ನೋಡುತ್ತಿದ್ದಳು. ಆಗಲೇ ಪಾತ್ರೆಗಳನ್ನೆಲ್ಲ ತಿಕ್ಕಿ ಬೋರಲು ಹಾಕಿದ್ದಳಂತೆ. "ಇನ್ನೊಂದು ವಾರ ಹಿಂಗೇ ಆದ್ರೆ ಲಿಂಗದಹಳ್ಳಿ ಕಡೆ ಅಣ್ಣನ ಮನೆಗೆ ಹೋಯ್ತೀನಿ ಅಕ್ಕಾ, ತೋಟದ ಕೆಲಸಕ್ಕೆ. ಒಂದ್ಸಲ ಹೋದ್ರೆ ಮತ್ತೆ ಈ ಒಲೆ ಹಚ್ಚೋಕಾಗಕಿಲ್ಲ" ಎಂದಳು.

ಆ ಸಂಜೆ ನೀರುಗಂಟಿಯನ್ನು ಅಡ್ಡಹಾಕಿ ನಿಲ್ಲಿಸಿದೆ. ತಲೆ ಕೆರೆದುಕೊಂಡ, ಟವಲಿನಿಂದ ಮುಖ ಒರೆಸಿಕೊಂಡ. ಕೊನೆಗೆ ಬಾಯಿಬಿಟ್ಟ.

"ನಿಮ್ಮತ್ತೆಮ್ಮೋರೇ ಬ್ಯಾಡ ಅಂದ್ರು ಅವ್ವಾ. ದಿನಾ ಸಂಜೆ ಜಗಲಿ ಮ್ಯಾಲೆ ಕುಂಡ್ರಿಸಿ ಕಾಪಿ ಕೊಡ್ತಾರೆ. ಕುಡುದ್ಬುಟ್ಟು, ಬಕೀಟು ಎತ್ಕಂಡು ಮುಂದಿನ ಬಾವಿಗೆ ಹೋಯ್ತೀನಿ. ಕಾಪಿ ಮಾತ್ರ ಬಾಳ ಚೆಂದಾಗಿರ್ತದೆ."

ಸಿಟ್ಟಿಗಿಂತ ನಾಚಿಕೆಯೇ ಹೆಚ್ಚಾಯಿತು. ಊರಿಗೆಲ್ಲ ಬುದ್ಧಿ ಹೇಳಲು ಹೊರಟ ನನಗೆ, ಮನೆಯ ನೀರಿಗೆ ಪೌಡರಿನ ವಾಸನೆಯೇ ಇಲ್ಲವೆಂಬುದೂ ಹೊಳೆದಿರಲಿಲ್ಲ, ಕಣ್ಣು ಮನೆಯ ಜಗಲಿಯ ಮೇಲೂ ಬಿದ್ದಿರಲಿಲ್ಲ. ಒಳಗೆ ಹೋಗಿ, ಮದುವೆಯಾದ ಮೇಲೆ ಮೊದಲ ಸಲ ಅತ್ತೆಯ ಮುಂದೆ ದನಿ ಎತ್ತಿದೆ.

"ಹೌದು ಕಣೇ, ನಾನೇ ಅಂದೆ" ಎಂದರು ಅವರು, ಅಕ್ಕಿ ಆರಿಸುವುದನ್ನು ನಿಲ್ಲಿಸದೆ. "ನಮ್ಮ ಬಾವಿ ನೀರು ಕುಡುದು ನಾನು ಆರು ಹೆತ್ತಿದೀನಿ. ಏನಾಗೈತೆ ಅದಕ್ಕೆ?"

"ಬಾವಿಗೇನೂ ಆಗಿಲ್ಲ ಅತ್ತೆ. ನಿಮ್ಮ ಎರಡು ಲೋಟ ಕಾಫಿಗೆ ಆ ಹೋಟ್ಲಿನವಳ ಒಲೆ ಆರಿಹೋಗಿದೆ. ಅವಳು ಸೇದೋದು ಇದೇ ಬಾವಿ ನೀರು. ಇದು ಪಾಸಾಗದೆ ಅವಳು ಬಾಗ್ಲು ತೆಗೆಯೋ ಹಾಗಿಲ್ಲ. ಊರು ಬಿಡ್ತೀನಿ ಅಂತಿದಾಳೆ."

ಮೊರದ ಮೇಲಿನ ಕೈ ನಿಂತಿತು. "ಅದಕ್ಕಾ ಅವಳು ಮುಚ್ಚಿರೋದು? ಕಾಯಿಲೆಗೆ ಹೆದರಿಕೊಂಡು ಮುಚ್ಚವಳೆ ಅಂದ್ಕೊಂಡಿದ್ದೆ" ಎಂದರು. ಅವತ್ತಿನ ಸಂಜೆಯ ಕಾಫಿಯನ್ನೂ ಕೇಳಲಿಲ್ಲ.

ಮುಂದಿನ ಮೀಟಿಂಗಿನಲ್ಲಿ ನೀರುಗಂಟಿಯನ್ನು ಕೆಲಸದಿಂದ ತೆಗೆಯೋಣವೆಂದು ಮಾತು ಬಂತು. ನಾನು ಎದ್ದು, ತಪ್ಪು ನಮ್ಮತ್ತೆಯದು, ಅವನದಲ್ಲ, ಹಾಗೇ ಬರೆದುಕೊಳ್ಳಿ ಎಂದೆ. ಪ್ರಧಾನರು ಮೇಜು ಬಡಿದು ನಕ್ಕ ನಗು ಬಸ್ ನಿಲ್ಲುವ ಕಡೆಗೂ ಕೇಳಿಸಿರಬೇಕು. "ಅತ್ತೇನೇ ಹಿಡಿದುಕೊಟ್ಟ ಸೊಸೆ ನೀನೊಬ್ಳೇ ಕಣಮ್ಮಾ" ಎಂದರು.

ಮೂರನೆಯ ವಾರ ನಮ್ಮ ಬಾವಿಯ ನೀರು ಅರಿಸಿನ ಕದಡಿದ ಹಾಗೆ ಹಳದಿಯಾಯಿತು. ಮಾರನೆಯ ಬೆಳಿಗ್ಗೆ ಹೋಟೆಲು ತೆರೆಯಿತು. ಆದರೆ ಒಂದು ನರಪಿಳ್ಳೆಯೂ ಒಳಗೆ ಬರಲಿಲ್ಲ. ಬಸ್ಸಿಗೆ ಬಂದವರು, ಬಸ್ಸು ನಿಲ್ಲಿಸಿ ಎದುರಿನ ಅರಳೀಕಟ್ಟೆಯಲ್ಲಿ ಕೂತ ಡ್ರೈವರು, ಕಟ್ಟೆಯ ಮಾಮೂಲಿ ಜನ ಎಲ್ಲ ದೂರದಿಂದಲೇ ನೋಡಿದರು. ಇಷ್ಟು ದಿನ ಮುಚ್ಚಿದ್ದರಿಂದ ಕಾಯಿಲೆ ಹುಟ್ಟಿದ್ದೇ ಅಲ್ಲಿ ಎಂದು ಊರು ತೀರ್ಮಾನಿಸಿಬಿಟ್ಟಿತ್ತು. ನಾನು ಬೆಂಚಿನ ಮೇಲೆ ಕೂತು ಕಾಫಿ ಕುಡಿದೆ, ಬೋಂಡ ತಿಂದೆ, ಜೋರಾಗಿ ಹೊಗಳಿದೆ. "ಮೆಂಬರು ಕುಡೀಲೇಬೇಕಲ್ಲ, ಅವಳ ಕೆಲಸ ಅದು" ಎಂದು ಕಟ್ಟೆಯ ಮೇಲಿಂದ ಯಾರೋ ಅಂದದ್ದು ಕೇಳಿಸಿತು. ಹೋಟೆಲಿನವಳು ಬಾಣಲೆ ಇಳಿಸಿ, ಉರಿಯುತ್ತಿದ್ದ ಸೌದೆಯನ್ನು ಹಿಂದಕ್ಕೆ ಎಳೆಯತೊಡಗಿದಳು.

ಅಷ್ಟರಲ್ಲಿ ನಮ್ಮತ್ತೆ ಬಂದರು. ವಿಭೂತಿ ಹಚ್ಚಿಕೊಂಡು, ತಲೆಯ ಮೇಲೆ ಸೆರಗು ಹೊದ್ದು, ಮದುವೆಮನೆಗೆ ಹೊರಟವರ ಹಾಗೆ ನೇರ ನಡೆದು ಬಂದರು. ಹೋಟೆಲಿನ ಬೆಂಚನ್ನು ಅವರು ಜನ್ಮದಲ್ಲಿ ಮುಟ್ಟಿದವರಲ್ಲ. ಯಾರ ಕೈಯ ನೀರು ಎಂದು ವಿಚಾರಿಸದೆ ಒಂದು ಗುಟುಕು ಕುಡಿದವರೂ ಅಲ್ಲ. ಬಂದು ನನ್ನ ಪಕ್ಕ ಕೂತರು. "ಒಂದು ಕಾಪಿ ಕೊಡವ್ವಾ" ಎಂದರು.

ಅವಳು ಲೋಟವನ್ನು ಎರಡು ಸಲ ತೊಳೆದು, ಕಾಫಿ ತುಂಬಿ ಇಟ್ಟಳು. ಅತ್ತೆ ಒಂದು ಗುಟುಕು ಕುಡಿದರು, ಮುಖ ಕಿವುಚಿದರು. ಕಟ್ಟೆಯ ಮೇಲಿನವರೆಲ್ಲ ಕತ್ತು ಚಾಚಿದರು.

"ಪೌಡರ್ ವಾಸ್ನೆ ಹೊಡೀತೈತೆ" ಎಂದರು ಅತ್ತೆ, ಅತ್ತ ಕಡೆಗೆ ತಿರುಗಿ, ಗಟ್ಟಿಯಾಗಿ. "ಅಂದ್ರೆ ನೀರು ಸರಿಯಾಗೈತೆ. ಈವಮ್ಮನ ಹೋಟ್ಲು ಇಷ್ಟು ದಿನ ಮುಚ್ಚಿಸಿದ್ದು ಕಾಯಿಲೆ ಅಲ್ಲ ಕಣ್ರೋ, ನಾನು. ನನ್ನ ಕಾಪಿ ಕೆಡ್ತದೆ ಅಂತ ಬಾವಿಗೆ ಪೌಡರ್ ಬೀಳದಂಗೆ ಮಾಡಿದ್ದೆ. ಈಗ ಬಂದು ಕುಡೀರಿ."

ಹೇಳಿ ಮುಗಿಸಿ, ಲೋಟವನ್ನು ತಳದವರೆಗೂ ಖಾಲಿ ಮಾಡಿದರು. ಸೊಸೆಯಾಗಿ ಹತ್ತು ವರ್ಷ ಅವರಿಗೆ ಹೆದರಿದ್ದೆ. ಪ್ರೀತಿ ಉಕ್ಕಿದ್ದು ಅವತ್ತೇ. ಮೊದಲು ಎದ್ದವನು ಬಸ್ಸಿನ ಡ್ರೈವರು, ಅವನ ಹಿಂದೆ ಇನ್ನಿಬ್ಬರು, ಆಮೇಲೆ ಕಟ್ಟೆಗೆ ಕಟ್ಟೆಯೇ ಇಳಿದು ಬಂತು. ಹೋಟೆಲಿನವಳು ಸೌದೆಯನ್ನು ಒಲೆಗೆ ಮತ್ತೆ ನೂಕಿ, ಸೆರಗಿನಿಂದ ಕಣ್ಣೊರೆಸಿಕೊಂಡು, "ಇನ್ನರ್ಧ ಲೋಟ ಕೊಡ್ಲಾ ಅಮ್ಮಾ?" ಎಂದು ಅತ್ತೆಯನ್ನು ಕೇಳಿದಳು.

"ಕೊಡು, ಡಿಕಾಕ್ಷನ್ ಒಂಚೂರು ಗಟ್ಟಿಯಾಗಿರ್ಲಿ" ಎಂದರು ಅವರು.