ಸರ್ ಬಿಟ್ಟುಹೋದ ಕರವಸ್ತ್ರ

ನಿನ್ನೆ ಬಸವಕಲ್ಯಾಣದ ಆಫೀಸಿನಲ್ಲಿ ನನ್ನ ಮೇಜಿನ ಡ್ರಾಯರ್ ಖಾಲಿ ಮಾಡುವಾಗ ತಳದಲ್ಲಿ ಒಂದು ಬಿಳಿ ಕರವಸ್ತ್ರ ಸಿಕ್ಕಿತು. ಮಡಿಕೆ ಬಿಚ್ಚಿದರೆ ಇನ್ನೂ ಸಣ್ಣಗೆ ಕರ್ಪೂರದ ವಾಸನೆ... ನನಗೆ ಕಂಪ್ಯೂಟರ್ ಕಲಿಸಿದ ಸರ್ ಅವರದು.

ಹುಮನಾಬಾದಿನಲ್ಲಿ ಅವರ ಕ್ಲಾಸಿತ್ತು. ನಾಲ್ಕೇ ಕಂಪ್ಯೂಟರ್. ಧೂಳು ಬರಬಾರದೆಂದು ಚಪ್ಪಲಿ ಹೊರಗೇ ಬಿಡಬೇಕು. ದೇವರಮನೆಗೂ ಇಷ್ಟು ಮಡಿಯಿಲ್ಲ ಎಂದು ನಾವು ಹುಡುಗಿಯರು ನಗುತ್ತಿದ್ದೆವು. ನಾನು ಕೀಬೋರ್ಡ್ ನೋಡಿಕೊಂಡು ಟೈಪ್ ಮಾಡುವುದು ಕಂಡರೆ ಸಾಕು, ಈ ಕರವಸ್ತ್ರ ತಂದು ನನ್ನ ಕೈಗಳ ಮೇಲೆ ಹೊದಿಸುತ್ತಿದ್ದರು.

"ಕೆಳಗ ಏನ್ ನೋಡಾಕತ್ತೀ ತಂಗಿ? ಕಣ್ಣು ಹಾಳಿ ಮ್ಯಾಲಿರಲಿ. ನೀ ತಪ್ಪಿದ್ರ ಇನ್ನೊಬ್ಬರ ಕೆಲಸ ಕೆಡ್ತದ."

ಆ ಕಲಿಕೆಯಿಂದಲೇ ನನಗೆ ಈ ಕಂಪನಿಯಲ್ಲಿ ಕೆಲಸ ಸಿಕ್ಕಿತು. ಹಳೆಯ ಅರ್ಜಿಗಳನ್ನು ಕಂಪ್ಯೂಟರಿಗೆ ಏರಿಸುವ ಕೆಲಸ. ವರ್ಷಗಳು ಕಳೆದು, ಹೊಸಬರಿಗೆ ಪರೀಕ್ಷೆ ಕೊಡುವವಳೂ ಆದೆ. ಅಷ್ಟರಲ್ಲಿ ಸರ್ ಕ್ಲಾಸಿಗೆ ಮಕ್ಕಳು ಬರುವುದು ನಿಂತು ಬಾಗಿಲು ಮುಚ್ಚಿತ್ತು. ಒಂದು ದಿನ ಅವರೇ ಕೆಲಸ ಕೇಳಿಕೊಂಡು ಬಂದರು. ಗಾಜಿನ ಬಾಗಿಲ ಹೊರಗೆ ಚಪ್ಪಲಿ ಬಿಟ್ಟು, ಬರಿಗಾಲಲ್ಲಿ ಒಳಗೆ ಬಂದರು. ನನ್ನ ಜೊತೆಯವರು ನಕ್ಕರು. ನಾನು ಅವರನ್ನು ಕಂಪ್ಯೂಟರಿನ ಮುಂದೆ ಕೂರಿಸಿದೆ.

ಆ ಹೊತ್ತಿಗೆ ಅರ್ಜಿಗಳನ್ನು ಓದಿ ತುಂಬುವ ಕೆಲಸ ಯಂತ್ರದ್ದಾಗಿತ್ತು. ನಾವು ಕಣ್ಣಾಡಿಸಿ ತಿದ್ದಿದರೆ ಮುಗಿಯಿತು. ಪರೀಕ್ಷೆಗೆ ಇಪ್ಪತ್ತು ಅರ್ಜಿ, ಅರ್ಧ ಗಂಟೆ. ಸರ್ ಯಂತ್ರ ತುಂಬಿದ್ದನ್ನೆಲ್ಲ ಅಳಿಸಿ, ಕೈಗಳ ಮೇಲೆ ಕರವಸ್ತ್ರ ಹೊದಿಸಿಕೊಂಡು ಮೊದಲಿನಿಂದ ಟೈಪ್ ಮಾಡತೊಡಗಿದರು.

"ಅಳಿಸಬ್ಯಾಡ್ರಿ ಸರ್, ಬರೇ ತಿದ್ದರಿ," ಎಂದೆ.

"ಓದಲಾರದ ಹ್ಯಾಂಗ ನಂಬ್ಲಿರಿ ಮೇಡಂ?"

ತಂಗಿ ಅನ್ನುತ್ತಿದ್ದವರು ಮೇಡಂ ಅಂದರು. ಸಮಯ ಮುಗಿದಾಗ ಆರೇ ಅರ್ಜಿ ಆಗಿದ್ದವು. 'ವೇಗ ಸಾಲದು' ಎಂದು ಬರೆದು ಕಳಿಸಿದೆ. ಅವರು ಕೈಮುಗಿದು ಹೋದರು. ಕರವಸ್ತ್ರ ಮೇಜಿನ ಮೇಲೇ ಉಳಿಯಿತು.

ಸಂಜೆ ಆ ಆರನ್ನೂ ಓದಿದೆ. ಒಂದೂ ತಪ್ಪಿರಲಿಲ್ಲ. ಯಂತ್ರ ಅವುಗಳಲ್ಲೇ ಒಬ್ಬ ವಿಧವೆಯ ಅರ್ಜಿಯಲ್ಲಿ ಗಂಡನ ಜಾಗದಲ್ಲಿ ಅಪ್ಪನ ಹೆಸರು ತುಂಬಿತ್ತು; ಸರ್ ಸರಿಯಾಗಿ ಬರೆದಿದ್ದರು. ಅದೇ ಪರೀಕ್ಷೆಯಲ್ಲಿ ಪಾಸಾದ ಇಬ್ಬರು ಹೊಸಬರೂ ಅದನ್ನು ಹಾಗೇ ಬಿಟ್ಟಿದ್ದರು. ಆದರೂ ನಾನು ಬರೆದದ್ದನ್ನು ಬದಲಿಸಲಿಲ್ಲ... ಮೇಲಿನವರು ಏನಂದಾರೋ ಎಂಬ ಹೆದರಿಕೆ.

ಕರವಸ್ತ್ರ ಕೊಡುವ ನೆಪದಲ್ಲಾದರೂ ಹೋಗಿ ಕ್ಷಮೆ ಕೇಳಬೇಕೆಂದಿದ್ದೆ. ಹುಮನಾಬಾದಿನ ಬಸ್ಸು ದಿನವೂ ನಮ್ಮ ಆಫೀಸಿನ ಮುಂದೆಯೇ ಹೋಗುತ್ತದೆ. ಹೋದ ವರ್ಷ ಸರ್ ತೀರಿಕೊಂಡರು.

ಇನ್ನು ತಿದ್ದುವುದನ್ನೂ ಯಂತ್ರವೇ ಮಾಡುತ್ತದಂತೆ. ನನಗೆ ಇವತ್ತೇ ಕೊನೆಯ ದಿನ. ಕರವಸ್ತ್ರ ಚೀಲದಲ್ಲಿಟ್ಟುಕೊಂಡಿದ್ದೇನೆ. ಕೊಡಲು ಅವರಿಲ್ಲ.